ಕೈಯೋ ಕಾಲೋ

ಪಕ್ಕದ ಸೀಟಿನಲ್ಲಿ ಇವತ್ತು ಬೈಯುವವರು ಯಾರೂ ಇರಲಿಲ್ಲ. ಇಷ್ಟು ದಿನ ಅಲ್ಲಿ ಕೂತು "ವೇಗ ನೋಡಿ, ಎತ್ತರ ನೋಡಿ, ಎಲ್ಲಿ ನೋಡ್ತಿದ್ದೀರಕ್ಕಾ" ಎಂದು ತಲೆ ತಿನ್ನುತ್ತಿದ್ದ, ಹಾರಲು ಕಲಿಸುವ ಮೇಡಂ ಸ್ವಲ್ಪ ಹೊತ್ತಿನ ಹಿಂದೆ ಇಳಿದುಹೋಗಿದ್ದಳು. ಇಳಿಯುವಾಗ "ಒಂದು ಸುತ್ತು ಹಾಕ್ಕೊಂಡು ಬನ್ನಿ" ಎಂದು, ಬೀದಿ ಕೊನೆಯ ಅಂಗಡಿಗೆ ಕಳಿಸುವ ಹಾಗೆ ಹೇಳಿ ಬಾಗಿಲು ತಳ್ಳಿದ್ದಳು. ಎರಡು ಸೀಟಿನ ಆ ಪುಟ್ಟ ವಿಮಾನದಲ್ಲಿ ಈಗ ಡ್ರೈವರಕ್ಕ ಒಬ್ಬಳೇ. ಆಕಾಶದಲ್ಲಿ ಒಂದು ಸುತ್ತು ಮುಗಿದು, ಮುಂದೆ ಕೆಳಗೆ ರನ್‌ವೇ ಕಾಣುತ್ತಿತ್ತು. ಹತ್ತಿದ ಮೇಲೆ ಇಳಿಯಲೇಬೇಕು.

ಡ್ರೈವರಕ್ಕ ಎಂಬ ಹೆಸರು ಬಂದದ್ದು ಬಸ್ಸಿನಿಂದ. ಅರ್ಧ ಆಯುಷ್ಯವನ್ನು ಸಿಟಿ ಬಸ್ಸಿನ ಸ್ಟೇರಿಂಗ್ ಹಿಂದೆ ಕಳೆದವಳು ಅವಳು. ಗಂಡ ಅದೇ ಬಸ್ಸಿನ ಕಂಡಕ್ಟರ್. ಇಬ್ಬರ ಪರಿಚಯ, ಜಗಳ, ಪ್ರೀತಿ ಎಲ್ಲವೂ ಆದದ್ದು ಆ ಬಸ್ಸಿನಲ್ಲೇ. ಮದುವೆಯಾದ ಮೇಲೂ ಅವನು ಹಿಂದಿನಿಂದ ಸೀಟಿ ಊದುವುದು, ಅವಳು ಮುಂದಿನಿಂದ ಬೈಯುವುದು ನಿಲ್ಲಲಿಲ್ಲ. ಅವರ ಬಸ್ಸಿನ ಕೊನೆಯ ನಿಲ್ದಾಣ ಫ್ಲೈಯಿಂಗ್ ಕ್ಲಬ್ಬಿನ ಗೇಟಿನೆದುರು. ಗಂಡ ಟೀ ಕುಡಿದು ಬರುವಷ್ಟರಲ್ಲಿ ಅವಳು ತಂತಿಬೇಲಿಗೆ ಮುಖ ಒತ್ತಿಕೊಂಡು ವಿಮಾನ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ನಿಲ್ಲುತ್ತಿದ್ದಳು. ಹಾಗೆ ಎಷ್ಟು ವರ್ಷ ನಿಂತಳೋ. ನಿವೃತ್ತಿಯಾದ ವಾರವೇ ಆ ಗೇಟಿನೊಳಗೆ ನಡೆದು "ನನಗೂ ಕಲಿಸಿ" ಎಂದಳು.

ಕಂಡಕ್ಟರನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಈ ವಯಸ್ಸಲ್ಲಿ ಎಲ್ಲರೂ ಮಂಡಿನೋವಿಗೆ ಎಣ್ಣೆ ಹುಡುಕ್ತಾರೆ. ನಮ್ಮ ಡ್ರೈವರ್ ಸಾಹೇಬ್ರು ಆಕಾಶ ಹುಡುಕ್ತಾರೆ" ಎಂದು ಕಂಡಕಂಡವರ ಮುಂದೆ ಆಡಿಕೊಂಡ. ಆ ತಮಾಷೆಯ ಕೆಳಗಿದ್ದದ್ದು ಭಯ. ಅದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತೆಂದು ಅವನಿಗೂ ಗೊತ್ತಿತ್ತು, ಆದರೂ ಇಬ್ಬರೂ ಬಾಯಿಬಿಡಲಿಲ್ಲ. ಕ್ಲಬ್ಬಿನ ಗೇಟು ದಾಟಿ ಮಾತ್ರ ಅವನು ಒಂದು ದಿನವೂ ಒಳಗೆ ಬರಲಿಲ್ಲ. ಇವತ್ತೇ ಮೊದಲು.

ಕ್ಲಬ್ಬಿನ ಅಧ್ಯಕ್ಷರಿಗೂ ಅವಳನ್ನು ಸೇರಿಸಿಕೊಳ್ಳಲು ಮನಸ್ಸಿರಲಿಲ್ಲ. ದೊಡ್ಡ ವಿಮಾನಗಳನ್ನು ಓಡಿಸಿ ನಿವೃತ್ತರಾದ, ಅಳೆದು ತೂಗಿ ಮಾತಾಡುವ ಮನುಷ್ಯ. "ಒಬ್ಬರೇ ಹಾರಿ, ಒಬ್ಬರೇ ಸರಿಯಾಗಿ ಇಳೀರಿ. ಇಳಿದ್ರೆ ಮುಂದಿನ ಪಾಠ. ಇಲ್ಲದಿದ್ರೆ ಇಬ್ಬರ ಟೈಮೂ ಹಾಳು ಮಾಡೋದು ಬೇಡ" ಎಂದು ಮೊದಲೇ ಹೇಳಿಟ್ಟಿದ್ದರು. ಡ್ರೈವರಕ್ಕನಿಗೆ ಇವತ್ತು ಇಳಿಯುವುದೆಂದರೆ ಬರೀ ಇಳಿಯುವುದಾಗಿರಲಿಲ್ಲ. ತಪ್ಪಿದರೆ ಮತ್ತೆ ಬೇಲಿಯ ಆಚೆಗೇ.

ಅವಳಿಗೆ ಆಕಾಶದಲ್ಲಿ ತೊಂದರೆ ಇರಲಿಲ್ಲ, ತೊಂದರೆಯೆಲ್ಲ ನೆಲದ ಮೇಲೆ. ವಿಮಾನದಲ್ಲೂ ಸ್ಟೇರಿಂಗಿನಂಥದ್ದೇ ಒಂದು ಹಿಡಿ ಕೈಗೆ ಸಿಗುತ್ತದೆ. ಆದರೆ ಅದು ಚಕ್ರವನ್ನು ತಿರುಗಿಸುವುದಿಲ್ಲ, ರೆಕ್ಕೆಗಳನ್ನು ವಾಲಿಸುತ್ತದೆ. ಎಡಕ್ಕೆ ತಿರುಗಿಸಿದರೆ ಎಡರೆಕ್ಕೆ ತಗ್ಗಿ ಬಲರೆಕ್ಕೆ ಏಳುತ್ತದೆ. ನೆಲದ ಮೇಲೆ ಓಡುವಾಗ ವಿಮಾನವನ್ನು ತಿರುಗಿಸಬೇಕಾದದ್ದು ಕಾಲಿನ ಪೆಡಲುಗಳಿಂದ. ಪುಸ್ತಕದಲ್ಲಿ ಇದು ಒಂದೇ ಸಾಲು, ಆದರೆ ಬಸ್ಸು ಓಡಿಸಿದ ಕೈ ಪುಸ್ತಕ ಓದುವುದಿಲ್ಲವಲ್ಲ! ಮೊದಮೊದಲು ವಿಮಾನ ಕುಡಿದವನ ಹಾಗೆ ಆಚೀಚೆ ಓಲಾಡಿತ್ತು. ಮಗಳ ವಯಸ್ಸಿನ ಮೇಡಂ ಕೊನೆಗೆ ಅವಳ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಡಿಸಿ, ಬರೀ ಕಾಲಿನಲ್ಲೇ ವಿಮಾನವನ್ನು ಮೈದಾನದ ತುಂಬ ಓಡಾಡಿಸಿದ್ದಳು. "ಕೈ ಅಲ್ಲ ಅಕ್ಕಾ, ಕಾಲು." ಕನಸಿನಲ್ಲೂ ಅದೇ ಮಾತು ಕೇಳಿಸುವಷ್ಟಾದ ಮೇಲೆ ಕಾಲು ಒಂದು ದಾರಿಗೆ ಬಂದಿತ್ತು.

ಮೊದಲ ಸಲ ಒಬ್ಬರೇ ಹಾರಿ ಬಂದವರಿಗೆ ಆ ಕ್ಲಬ್ಬಿನಲ್ಲಿ ನೀರೆರೆಯುತ್ತಿದ್ದರು. ವಿಮಾನದಿಂದ ಇಳಿದರೋ ಇಲ್ಲವೋ, ಬಕೆಟ್ಟುಗಟ್ಟಲೆ ತಣ್ಣೀರು ತಲೆಯ ಮೇಲೆ. ಬೆಳಿಗ್ಗೆ ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕಂಡಕ್ಟರನ ಭಯ ಎಲ್ಲಿ ಹೋಯಿತೋ. "ನಾನು ಎರೀತೀನಿ, ಇಷ್ಟು ವರ್ಷ ಬೈಸಿಕೊಂಡಿದ್ದಕ್ಕೆಲ್ಲ ಇವತ್ತೇ ಬಡ್ಡಿ ಸಮೇತ" ಎಂದು ತೋಳೇರಿಸಿಬಿಟ್ಟ. ವಿಮಾನ ತೊಳೆಯಲು ಬಳಸುವ, ಡ್ರಮ್ಮನ್ನು ಅಡ್ಡ ಮಲಗಿಸಿದ ತಗ್ಗು ಕೈಗಾಡಿ ಇತ್ತು. ಅದಕ್ಕೆ ನೀರು ತುಂಬಿಸಿ, ವಿಮಾನ ರನ್‌ವೇ ಬಿಟ್ಟು ಹೊರಳುವ ಅಡ್ಡದಾರಿಯ ತನಕ ಒಬ್ಬನೇ ಎಳೆದು ತಂದಿದ್ದ.

ಆ ಅಡ್ಡದಾರಿ ರನ್‌ವೇಯ ಕಡೆಗೆ ಇಳಿಜಾರು. ಕಂಡಕ್ಟರ್ ಅದನ್ನೂ ನೋಡಿ ಚಕ್ರಕ್ಕೆ ಕಲ್ಲು ಕೊಟ್ಟಿದ್ದ. ಇಳಿಜಾರಿನಲ್ಲಿ ಬಸ್ಸು ನಿಂತಾಗಲೆಲ್ಲ ಜಿಗಿದು ಕಲ್ಲು ಕೊಟ್ಟ ಮನುಷ್ಯ, ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ವಿಮಾನ ಆಕಾಶದಲ್ಲಿ ಕಂಡದ್ದೇ ಅವನಿಗೆ ತಡೆಯಲಾಗಲಿಲ್ಲ. ಗಾಡಿ ಇನ್ನೊಂದು ಚೂರು ಮುಂದಿದ್ದರೆ ಒಳ್ಳೆಯದೆಂದು ಕಲ್ಲನ್ನು ಕಾಲಿನಿಂದ ಒದ್ದು ಸರಿಸಿದ.

ಡ್ರೈವರಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮುಂದೆ ಬಲಕ್ಕೆ, ಅಡ್ಡದಾರಿಯ ಬಾಯಲ್ಲಿ, ಒಂದಿಷ್ಟು ಜನ ನಿಂತದ್ದು, ಅವರ ನಡುವೆ ಗಂಡನ ಹಳದಿ ಟೋಪಿ ಕಂಡಿತ್ತು. ಬಂದಿದ್ದಾರೆ ಎಂದು ಎದೆ ತುಂಬಿತು. ಆಮೇಲೆ ಅವಳು ಅತ್ತ ನೋಡಲಿಲ್ಲ. ವೇಗ ನೋಡಿದಳು, ಎತ್ತರ ನೋಡಿದಳು, ಎಂಜಿನ್ನಿನ ಸದ್ದು ತಗ್ಗಿಸಿದಳು. ರನ್‌ವೇ ಮೇಲೆದ್ದು ಬಂತು. ಮೂತಿಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಹಿಂದಿನ ಎರಡು ಚಕ್ರಗಳು ನೆಲಕ್ಕೆ ತಾಗಿದ್ದು ಗೊತ್ತೇ ಆಗಲಿಲ್ಲ, ಅಷ್ಟು ನಯವಾಗಿ ತಾಗಿದವು. ಮೂತಿಯ ಚಕ್ರವೂ ಇಳಿಯಿತು.

"ಇಳಿದೆ" ಎಂದು ಅವಳು ಗಟ್ಟಿಯಾಗಿಯೇ ಹೇಳಿಕೊಂಡಳು.

"ಅಕ್ಕಾ, ಗಾಡಿ! ಗಾಡಿ ಬರ್ತಿದೆ!" ಕಿವಿಯ ರೇಡಿಯೋದಲ್ಲಿ ಮೇಡಂ ಕಿರುಚಿದಳು.

ಬಲಗಡೆಯಿಂದ ಡ್ರಮ್ಮಿನ ಗಾಡಿ ತಾನಾಗಿ ಉರುಳಿ ರನ್‌ವೇಗೆ ನುಗ್ಗುತ್ತಿತ್ತು. ತಾನಾಗಿ ಅಂದರೆ ಪೂರ್ತಿ ತಾನಾಗಿ ಅಲ್ಲ. ಅದರ ಹಿಡಿಕೆಗೆ ಕಂಡಕ್ಟರ್ ಜೋತುಬಿದ್ದಿದ್ದ. ಹಿಮ್ಮಡಿ ಊರಿ ಎಳೆಯುತ್ತಿದ್ದ, ಗಾಡಿ ಅವನನ್ನೇ ಎಳೆದುಕೊಂಡು ಬರುತ್ತಿತ್ತು. ಬಿಟ್ಟುಬಿಡು ಎಂದು ಎಲ್ಲರೂ ಕೂಗುತ್ತಿದ್ದರು. ಅವನು ಬಿಡಲಿಲ್ಲ.

ಮತ್ತೆ ಮೇಲೇರಲು ಜಾಗವಿರಲಿಲ್ಲ, ವೇಗವೂ ಇರಲಿಲ್ಲ. ಬ್ರೇಕಿಗೆ ನಿಲ್ಲುವಷ್ಟು ನಿಧಾನವೂ ಆಗಿರಲಿಲ್ಲ. ಡ್ರೈವರಕ್ಕನ ಕಾಲು ಸರಿಯಾಗಿಯೇ ಕೆಲಸ ಮಾಡಿತು. ಯೋಚನೆ ಬರುವ ಮೊದಲೇ ಎಡ ಪೆಡಲನ್ನು ಒತ್ತಿತು, ಮೂತಿ ಎಡಕ್ಕೆ ತಿರುಗಿತು. ಗಾಡಿ ತಪ್ಪುತ್ತದೆ ಎಂದು ಅವಳಿಗೆ ಗೊತ್ತಾಯಿತು. ರಸ್ತೆಯಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ಬಸ್ಸು ನುಗ್ಗಿಸಿದವಳಿಗೆ ಅಳತೆಪಟ್ಟಿ ಬೇಡ. ಹಾಗೆಯೇ ಬಿಟ್ಟಿದ್ದರೆ ವಿಮಾನ ಎಡ ಅಂಚಿಗೆ ಸರಿದು ಓಡಿ ಸುಖವಾಗಿ ನಿಲ್ಲುತ್ತಿತ್ತು. ಬಲರೆಕ್ಕೆ ಗಾಡಿಯ ಮೇಲೆ ಹಾದುಹೋಗುತ್ತಿತ್ತು.

ಗಾಡಿ ತಗ್ಗಿತ್ತು. ಮನುಷ್ಯ ಅಷ್ಟು ತಗ್ಗಿರುವುದಿಲ್ಲ. ಆ ರೆಕ್ಕೆ ನೇರವಾಗಿ ಗಂಡನ ಎದೆಗೆ ಹೋಗುತ್ತಿತ್ತು. ಅವನು ತಲೆ ಎತ್ತಿ ವಿಮಾನವನ್ನು ನೋಡಿದ. ಅವಳು ಅವನ ಮುಖ ನೋಡಿದಳು.

ಅವಳು ಹಿಡಿಯನ್ನು ಎರಡೂ ಕೈಯಿಂದ ಎಡಕ್ಕೆ, ಕೊನೆಯ ತನಕ ತಿರುಗಿಸಿಬಿಟ್ಟಳು.

ಬಲರೆಕ್ಕೆ ಎದ್ದಿತು. ಹಳದಿ ಟೋಪಿ ಹಾರಿದ್ದು ಕಂಡಿತು. ಅದರೊಳಗೆ ತಲೆ ಇತ್ತೋ ಇಲ್ಲವೋ ಕಾಣಲಿಲ್ಲ. ಅಷ್ಟರಲ್ಲಿ ಎಡರೆಕ್ಕೆಯ ತುದಿ ನೆಲಕ್ಕೆ ಕಚ್ಚಿ, ವಿಮಾನ ಅದರ ಸುತ್ತ ಗಿರ್ರನೆ ತಿರುಗಿತು. ರನ್‌ವೇ ಹೋಯಿತು, ಹುಲ್ಲು ಬಂತು, ಹುಲ್ಲಿನ ಆಚೆಯ ಚರಂಡಿ ಬಂತು. ಮೂತಿ ಚರಂಡಿಗೆ ಬಡಿದು ಬಾಲ ಮೇಲೆದ್ದು ನಿಂತಿತು.

ಬೆಲ್ಟಿನಲ್ಲಿ ಮುಂದಕ್ಕೆ ನೇತುಬಿದ್ದು ಅವಳು ಕಣ್ಣು ತೆರೆದಳು. ಎಡಭುಜದಲ್ಲಿ ಏನೋ ಮುರಿದಿತ್ತು, ಉಸಿರೆಳೆದರೆ ಚುಚ್ಚುತ್ತಿತ್ತು. ಆದರೆ ಅವಳನ್ನು ಎಚ್ಚರಿಸಿದ್ದು ನೋವಲ್ಲ, ವಾಸನೆ. ಎಡರೆಕ್ಕೆಯ ಟ್ಯಾಂಕು ಹರಿದು ಪೆಟ್ರೋಲು ಸುರಿಯುತ್ತಿತ್ತು. ಬಿಸಿ ಎಂಜಿನ್ನು ಅದರ ಪಕ್ಕದಲ್ಲೇ ಚಟಚಟ ಅನ್ನುತ್ತಿತ್ತು. ಒಂದು ಕಿಡಿ ಸಾಕು ಎಂದು ಗೊತ್ತಿದ್ದವಳಿಗೆ ಬಲಗೈ ಮುಂದೆ ಚಾಚಲು ಯುಗವೇ ಬೇಕಾಯಿತು. ಕರೆಂಟಿನ ದೊಡ್ಡ ಸ್ವಿಚ್ಚು ಆರಿಸಿದಳು. ಪೆಟ್ರೋಲಿನ ತಿರುಪು ತಿರುಗಿಸಿ ಮುಚ್ಚಿದಳು. ಎಂಜಿನ್ನಿನ ಬೀಗದ ಕೈ ತಿರುಗಿಸಿದಳು. ಬೆರಳುಗಳು ಮೇಡಂ ಕಲಿಸಿದ ಕ್ರಮದಲ್ಲೇ ಎಲ್ಲವನ್ನೂ ಮಾಡಿದವು.

ಇದ್ದಾನೋ ಇಲ್ಲವೋ. ಅವಳ ತಲೆಯಲ್ಲಿ ಇದ್ದದ್ದು ಅದೊಂದೇ.

ಆ ವಿಮಾನಕ್ಕೆ ಬಾಗಿಲು ಒಂದೇ, ಅದೂ ಬಲಗಡೆ, ಖಾಲಿ ಸೀಟಿನ ಆಚೆ. ಅದರ ಮೇಲೆ ಯಾರೋ ದಬದಬ ಬಡಿಯುತ್ತಿದ್ದರು. ಗಾಜಿಗೆ ಒತ್ತಿಕೊಂಡ ಮುಖ ಕಂಡಿತು. ಟೋಪಿ ಇರಲಿಲ್ಲ. ತಲೆ ಇತ್ತು.

"ಬರಲ್ಲ ಕಣೇ, ಇದು ತೆಗ್ಯಕ್ಕೇ ಬರಲ್ಲ!" ಕಂಡಕ್ಟರ್ ಅಳುತ್ತಲೇ ಬಾಗಿಲನ್ನು ಜಗ್ಗುತ್ತಿದ್ದ.

"ಮೇಲಿಂದು ರೀ! ಮೇಲೊಂದು ಕೊಂಡಿ ಇದೆ, ಮೊದ್ಲು ಅದು!"

"ಎಲ್ಲಿ?"

"ನಿಮ್ಮ ತಲೆ ಮೇಲೆ! ಬಸ್ಸಿನ ಬಾಗ್ಲು ಅಲ್ಲ ಅದು, ಒದಿಬೇಡಿ!"

ಕೊಂಡಿ ಸಿಕ್ಕಿತು. ಬಾಗಿಲು ತೆರೆಯಿತು. ಬೆಲ್ಟು ಬಿಚ್ಚಿದ ಕೂಡಲೇ ಅವಳು ಮುಂದಿನ ಹಲಗೆಗೆ ಬಿದ್ದು, ಭುಜದ ನೋವಿಗೆ ಕಣ್ಣು ಕತ್ತಲೆ ಬಂತು. ಅವನು ತೋಳಿಗೆ ಕೈ ಹಾಕಿ, ಮೂಟೆ ಎಳೆಯುವ ಹಾಗೆ ಎಳೆದ. ರೆಕ್ಕೆಯ ಮೇಲಿಂದ ಇಬ್ಬರೂ ಜಾರಿ ಹುಲ್ಲಿಗೆ ಬಿದ್ದರು, ಎದ್ದರು, ಓಡಿದರು. ಕ್ಲಬ್ಬಿನ ಮೆಕ್ಯಾನಿಕ್ ಬೆಂಕಿ ಆರಿಸುವ ಸಿಲಿಂಡರು ಹೊತ್ತು ಎದುರಿನಿಂದ ಓಡಿಬಂದ. ಬೆಂಕಿ ಹತ್ತಲಿಲ್ಲ. ಹತ್ತಲಿಲ್ಲ ಎಂದು ಖಾತ್ರಿಯಾಗುವ ತನಕ ಯಾರಿಗೂ ಉಸಿರು ಪೂರ್ತಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಎಡಗೈಯನ್ನು ಎದೆಗೆ ಕಟ್ಟಿ ಮಲಗಿಸಿದರು. ಮುರಿದದ್ದು ಕತ್ತಿನ ಕೆಳಗಿನ ಮೂಳೆ, ತಾನಾಗಿ ಕೂಡಿಕೊಳ್ಳುವಂಥದ್ದು. ವಿಮಾನ ಮಾತ್ರ ಕೂಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮಾರನೆಯ ದಿನ ಮೇಡಂ ಬಂದು ಮಂಚದ ಪಕ್ಕ ಕೂತಳು. ಅತ್ತು ಅತ್ತು ಕಣ್ಣು ಊದಿತ್ತು.

"ಕೈ ತಿರುಗಿಸಿಬಿಟ್ರಿ ಅಲ್ವಾ ಅಕ್ಕಾ?"

"ಹೂಂ."

"ನಾನು ನೋಡ್ದೆ. ಬಸ್ಸಿನ ಅಭ್ಯಾಸ. ಗಾಬರಿಯಾದಾಗ ಹಳೇದೇ ಮೇಲೆ ಬರುತ್ತೆ. ಒಂದು ಪುಣ್ಯ ಏನಂದ್ರೆ ಅದರಿಂದಾನೇ ರೆಕ್ಕೆ ಎದ್ದು ಅಣ್ಣ ಉಳ್ಕೊಂಡ್ರು." ಮೇಡಂ ಮೂಗು ಒರೆಸಿಕೊಂಡಳು. "ಆದ್ರೆ ಅಧ್ಯಕ್ಷರು ಅದನ್ನ ಅದೃಷ್ಟ ಅಂತಾರೆ. ಸಮಿತಿ ಕರೆದಿದ್ದಾರೆ. ಒಂದೇ ಪ್ರಶ್ನೆ ಕೇಳ್ತಾರೆ. ಮತ್ತೆ ಹಾಗೇ ಆದ್ರೆ ಕೈಯೋ ಕಾಲೋ ಅಂತ. ಕಾಲು ಅನ್ನಿ ಅಕ್ಕಾ. ಅನುಮಾನ ಬರೋ ಹಾಗೆ ಹೇಳ್ಬೇಡಿ. ಕಾಲು ಅಂದ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಜವಾಬ್ದಾರಿ."

ಎಲ್ಲರೂ ಅದನ್ನೇ ನಂಬಿದ್ದರು. ಬಸ್ಸಿನ ಕೈ, ಪಾಪ, ಕೇಳಲಿಲ್ಲ ಎಂದು. ಮೆಕ್ಯಾನಿಕ್ಕು ಅದನ್ನೇ ಹೇಳಿದ, ಕಂಡಕ್ಟರ್ ಕೂಡ ಅದನ್ನೇ ಆಸ್ಪತ್ರೆಯ ನರ್ಸುಗಳಿಗೆಲ್ಲ ಹೇಳಿಕೊಂಡು ಬಂದ. ತನ್ನ ಕಾಲು ಮೊದಲು ಹೋಗಿತ್ತು, ಸರಿಯಾಗಿಯೇ ಹೋಗಿತ್ತು ಎಂಬುದು ಡ್ರೈವರಕ್ಕನಿಗೆ ಒಬ್ಬಳಿಗೇ ಗೊತ್ತಿತ್ತು. ಅವಳು ಸುಮ್ಮನಿದ್ದಳು. ತಪ್ಪು ಅಭ್ಯಾಸದ್ದಾದರೆ ತಿದ್ದಬಹುದು ಎನ್ನುತ್ತಾರೆ. ತಿಳಿದೂ ತಿಳಿದೂ ಮಾಡಿದ್ದೆಂದರೆ ಅಂಥವಳ ಕೈಗೆ ವಿಮಾನ ಕೊಡುವವರು ಯಾರು?

ಸಮಿತಿ ಕೂತದ್ದು ಕ್ಲಬ್ಬಿನ ಪಾಠದ ಕೋಣೆಯಲ್ಲಿ. ಅಧ್ಯಕ್ಷರ ಎಡಬಲಕ್ಕೆ ಇಬ್ಬರು, ಗೋಡೆಗೆ ಒರಗಿ ಮೇಡಂ, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕಂಡಕ್ಟರ್. ಅವನು ಕರೆಯುವ ಮೊದಲೇ ಎದ್ದು ನಿಂತ.

"ಸಾರ್, ಕಲ್ಲು ತೆಗ್ದೋನು ನಾನು. ಅವಳದ್ದೇನೂ ಇಲ್ಲ. ಏನಿದ್ರೂ ನನಗೆ ಮಾಡಿ."

"ಕೂತ್ಕೊಳ್ಳಿ" ಎಂದರು ಅಧ್ಯಕ್ಷರು. "ಗಾಡಿ ಅಲ್ಲಿಗೆ ಬರೋಕೆ ಬಿಟ್ಟಿದ್ದು ನಮ್ಮ ತಪ್ಪು. ನೀರೆರೆಯೋ ಆಟ ಇವತ್ತಿಗೆ ಬಂದ್. ಅದು ಬೇರೆ ಮಾತು." ಅವರು ಡ್ರೈವರಕ್ಕನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿತು. "ನೋಡಿ ಅಮ್ಮಾ. ನೀವು ಚೆನ್ನಾಗಿ ಇಳಿದ್ರಿ. ನಾನು ಕಿಟಕಿಯಿಂದ ನೋಡ್ತಿದ್ದೆ, ನನ್ನ ಶಿಷ್ಯರು ಯಾರೂ ಅಷ್ಟು ಚೆನ್ನಾಗಿ ಇಳಿದಿಲ್ಲ. ಆದ್ರೆ ನೆಲದ ಮೇಲೆ ಕೈ ತಿರುಗಿಸೋರು ಇವತ್ತಲ್ಲ ನಾಳೆ ಸಾಯ್ತಾರೆ. ಪಕ್ಕದಲ್ಲಿ ಕೂತೋರನ್ನೂ ಸಾಯಿಸ್ತಾರೆ. ಅಂಥೋರನ್ನ ನಾನು ಮೇಲೆ ಕಳಿಸಲ್ಲ. ಮತ್ತೆ ಏನಾದ್ರೂ ಅಡ್ಡ ಬಂತು ಅನ್ಕೊಳ್ಳಿ. ಕೈಯೋ, ಕಾಲೋ?"

ಏನಾದರೂ ಎಂದರು, ಯಾರಾದರೂ ಎನ್ನಲಿಲ್ಲ. ಆದರೆ ಡ್ರೈವರಕ್ಕನ ಕಣ್ಣ ಮುಂದೆ ಬಂದದ್ದು ಗಾಡಿಯಲ್ಲ, ಗಾಡಿಯ ಹಿಂದಿನಿಂದ ತಲೆ ಎತ್ತಿದ ಆ ಮುಖ. ಅದೇ ಮುಖ ಈಗ ಬಾಗಿಲ ಹತ್ತಿರ ಕೂತು ತನ್ನನ್ನೇ ನೋಡುತ್ತಿತ್ತು. ಅತ್ತ ನೋಡಿದರೆ ಕೆಟ್ಟೆ ಎಂದುಕೊಂಡಳು.

"ಕಾಲು ಸಾರ್" ಎಂದಳು. ಪ್ರಶ್ನೆ ಮುಗಿಯಲೂ ಬಿಡಲಿಲ್ಲ ಅನ್ನುವಷ್ಟು ಬೇಗ.

ಅಧ್ಯಕ್ಷರು ಅಕ್ಕಪಕ್ಕದವರ ಮುಖ ನೋಡಿದರು. "ಮೂಳೆ ಕೂಡಿದ ಮೇಲೆ ಬನ್ನಿ. ಮೊದಲಿಂದ ಕಲೀಬೇಕು" ಎಂದರು. ಮೇಡಂ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು.

ಗೇಟಿನಾಚೆ ಬಸ್ ನಿಲ್ದಾಣದ ತನಕ ಕಂಡಕ್ಟರ್ ಮುಂದೆ ಮುಂದೆ ನಡೆದ. ಗೆದ್ದು ಬಂದಿದ್ದೇವೆ, ಈ ಮನುಷ್ಯನ ಬಾಯಿಗೆ ಏನಾಯಿತು ಎಂದು ಅವಳಿಗೆ ರೇಗಿತು.

"ಏನ್ರೀ ಆಯ್ತು? ಕಾಲು ಅನ್ನು, ಕಾಲು ಅನ್ನು ಅಂತ ಬೆಳಗಿಂದ ಜೀವ ಹಿಂಡಿದ್ದು ನೀವೇ ತಾನೆ?"

"ನಾನೇ." ಅವನು ಬೆಂಚಿನ ಮೇಲೆ ಕೂತ. "ಆದ್ರೂ ಒಂದ್ಸಲ ಉಗುಳು ನುಂಗಿ ಹೇಳ್ಬೋದಿತ್ತು. ಸ್ವಲ್ಪ ಯೋಚ್ನೆ ಮಾಡ್ದಂಗೆ ನಾಟ್ಕ ಆದ್ರೂ ಆಡ್ಬೇಡ್ವಾ? ಅಡ್ಡ ಬರೋನು ನಾನು ಅಂತ ನಂಗೂ ಗೊತ್ತಾಗುತ್ತಲ್ಲ."

ಅವಳಿಗೆ ನಗು ಬಂತು. ನಕ್ಕರೆ ಭುಜ ನೋಯುತ್ತಿತ್ತು. ನಗು ನಿಂತ ಮೇಲೆ, ಅವನಿಗೂ ಸುಳ್ಳು ಹೇಳಿಕೊಂಡು ಇರಲು ತನ್ನಿಂದಾಗದು ಅನ್ನಿಸಿತು.

"ಸುಳ್ಳು ಹೇಳ್ದೆ ಕಣ್ರೀ."

"ಯಾರಿಗೆ?"

"ಎಲ್ಲರಿಗೂ. ಬಸ್ಸಿನ ಅಭ್ಯಾಸಾನೂ ಅಲ್ಲ, ಏನೂ ಅಲ್ಲ. ಕಾಲು ಮೊದ್ಲೇ ಹೋಗಿತ್ತು. ವಿಮಾನ ಉಳೀತಿತ್ತು. ನಿಮ್ಮ ಮುಖ ನೋಡ್ದೆ, ಕೈ ತಿರುಗಿಸ್ದೆ."

"ಗೊತ್ತಿದ್ದೇ?"

"ಗೊತ್ತಿದ್ದೇ."

ಬಸ್ಸು ಬಂತು. ಇಬ್ಬರೂ ಏಳಲಿಲ್ಲ. ಹೊಸ ಡ್ರೈವರು ಗುರುತು ಹಿಡಿದು ಕೈಯೆತ್ತಿದ, ಕಾದ, ಬಸ್ಸು ತಿರುಗಿಸಿಕೊಂಡು ಹೋದ. ಕಂಡಕ್ಟರ್ ಅಂಗೈಗಳನ್ನು ಮಂಡಿಯ ಮೇಲೆ ಉಜ್ಜುತ್ತ ಕೂತಿದ್ದ.

"ನಾಳೆ ಮತ್ತೆ ನಾನೇ ಸಿಕ್ಕಿದ್ರೆ?"

"ಮತ್ತೆ ಕೈಯೇ."

"ಹಾಗಾದ್ರೆ ಆ ಯಜಮಾನ್ರು ಹೇಳಿದ್ದು ಸರಿ. ನಿನ್ನನ್ನ ಮೇಲೆ ಕಳಿಸ್ಬಾರ್ದು."

ಇಷ್ಟು ದಿನ ಅವನು ಮನಸ್ಸಿನಲ್ಲೇ ಬೇಡಿಕೊಂಡದ್ದೂ ಇದನ್ನೇ ಅಲ್ಲವೇ. ಒಳಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು, ಅವನ ಭಯಕ್ಕೂ ಕೊನೆ, ಅವಳ ಆಕಾಶಕ್ಕೂ ಕೊನೆ.

"ಹೋಗಿ ಹೇಳಿ" ಎಂದಳು. "ಇನ್ನೂ ಯಾರೂ ಎದ್ದಿಲ್ಲ."

ಅವನು ನಿಜವಾಗಿಯೂ ಎದ್ದ. ಗೇಟಿನ ತನಕ ಹೋದ. ಸರಳು ಹಿಡಿದು ಒಳಗೆ ನೋಡುತ್ತ ನಿಂತ. ಅವಳು ಕರೆಯಲಿಲ್ಲ, ಕರೆದರೆ ದನಿ ಒಡೆಯುತ್ತದೆ ಎಂದು ಗೊತ್ತಿತ್ತು. ಆಚೆ ಯಾರೋ ಎಂಜಿನ್ನು ಶುರು ಮಾಡಿದರು. ಆ ವಿಮಾನ ಓಡಿ, ಎದ್ದು, ಮರಗಳ ಮೇಲೆ ಸಣ್ಣದಾಗುವವರೆಗೂ ಅವನು ಕದಲಲಿಲ್ಲ.

ಆಮೇಲೆ ತಿರುಗಿ ಬಂದು ಅವಳ ಪಕ್ಕ ಕೂತ.

"ಆ ಸುಳ್ಳನ್ನ ನಿಜ ಮಾಡ್ಕೋ" ಎಂದ.

"ಏನು?"

"ಕಾಲು. ಕಲಿ. ಕೈ ತೊಡೆ ಕೆಳಗಿಟ್ಕೊಂಡು ಕಲಿ. ಎದುರಿಗೆ ನಾನಿದ್ರೂ ಕಾಲೇ ಹೋಗೋ ಹಾಗೆ ಕಲಿ. ಆ ಬಾಗ್ಲು ತೆಗ್ಯೋಕೆ ಬರದೆ ಒದೀತಿದ್ದೆನಲ್ಲ, ಆ ಪೆಟ್ರೋಲ್ ವಾಸನೆ... ಅದಕ್ಕಿಂತ ರೆಕ್ಕೆ ಬಡ್ಕೊಂಡು ನಾನು ಹೋಗಿದ್ರೇ ವಾಸಿ ಇತ್ತು ಕಣೇ. ನೀನು ಹಾರು. ನನ್ನ ಮುಖ ನೋಡ್ಬೇಡ."

"ಬಾಯ್ಮುಚ್ಚಿ!" ಎಂದು ಅವಳು ಚೆನ್ನಾಗಿದ್ದ ಬಲಗೈಯಿಂದ ಅವನ ಬೆನ್ನಿಗೆ ಗುದ್ದಿದಳು. ಇನ್ನೊಂದು ಗುದ್ದಿದಳು. ವಿಮಾನ ಬಿದ್ದ ಮೇಲೆ ಇದುವರೆಗೆ ಒಂದು ಹನಿಯೂ ಬಂದಿರಲಿಲ್ಲ, ಈಗ ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ಕಂಡಕ್ಟರ್ ಗುದ್ದನ್ನೂ ತಡೆಯಲಿಲ್ಲ, ಅಳುವನ್ನೂ ತಡೆಯಲಿಲ್ಲ.